ಅಂತೆಗೆ ಎಷ್ಟು ತೂಕ? ಎನ್‌ಬಿಎ ಟ್ರೇಡ್ ಸುದ್ದಿ ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಕಂಡದ್ದಾದರೆ 'ಬಂದ' ಎನ್ನುತ್ತೇವೆ, ಕೇಳಿದ್ದಾದರೆ 'ಬಂದನಂತೆ' ಎನ್ನುತ್ತೇವೆ. ಆ ಪುಟ್ಟ 'ಅಂತೆ' ಹೇಳಿದವನ ಹೆಗಲಿಂದ ಹೊಣೆಯನ್ನು ಇಳಿಸಿಬಿಡುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ ಟ್ರೇಡ್ ಎನ್ನುತ್ತಾರೆ. ಅದರ ಸುದ್ದಿ ಬರೆಯುವ ವರದಿಗಾರರ ಭಾಷೆಯಲ್ಲಿ ಇಂಥ ಪ್ರತ್ಯಯವಿಲ್ಲ. ಅದೇ ಕೆಲಸಕ್ಕೆ ಅವರು ಒಂದು ಇಡೀ ಮೆಟ್ಟಿಲುಸಾಲನ್ನೇ ಕಟ್ಟಿಕೊಂಡಿದ್ದಾರೆ. 'ಆಸಕ್ತಿ ಇದೆ', 'ಕಣ್ಣಿಟ್ಟಿದ್ದಾರೆ', 'ಮಾತುಕತೆ ನಡೆದಿದೆ', 'ಮಾತುಕತೆ ಬಿರುಸಾಗಿದೆ', 'ಅಂತಿಮ ಹಂತದಲ್ಲಿದೆ', ಕಡೆಗೆ 'ಒಪ್ಪಂದವಾಗಿದೆ'. ಅಭಿಮಾನಿಗಳ ಜಗಳ ಯಾವಾಗಲೂ ಯಾವ ವರದಿಗಾರ ನಂಬಿಕಸ್ಥ ಎಂಬುದರ ಮೇಲೆ. ಹೆಸರನ್ನು ಪಕ್ಕಕ್ಕಿಟ್ಟು ಮೊದಲು ಕ್ರಿಯಾಪದ ನೋಡಿ ಎಂದು ನಾನು ಹೇಳುತ್ತೇನೆ.

ಒಬ್ಬರೇ ವರದಿಗಾರರ ಎರಡು ಸುದ್ದಿಗಳನ್ನು ಎದುರುಬದುರು ಇಡೋಣ. 2025ರ ಫೆಬ್ರುವರಿ 2, ನಮ್ಮಲ್ಲಿ ಭಾನುವಾರ ಬೆಳಿಗ್ಗೆ. ಡಲ್ಲಾಸ್ ತಂಡದ 25 ವರ್ಷದ ಲೂಕಾ ಡಾನ್ಚಿಚ್ ಲೇಕರ್ಸ್‌ಗೆ, ಅಲ್ಲಿಂದ ಆಂಥೊನಿ ಡೇವಿಸ್ ಡಲ್ಲಾಸ್‌ಗೆ ಎಂದು ಇಎಸ್‌ಪಿಎನ್‌ನ ಶಾಮ್ಸ್ ಚರಾನಿಯಾ ಬರೆದರು. ಅವರ ಖಾತೆ ಹ್ಯಾಕ್ ಆಗಿದೆ ಎಂದೇ ಬಹಳ ಜನ ತಿಳಿದರು. ಇದು ನಿಜ ಎಂದು ಅವರೇ ಇನ್ನೊಮ್ಮೆ ಬರೆಯಬೇಕಾಯಿತು. ಸುದ್ದಿ ಅಕ್ಷರಶಃ ಸರಿಯಿತ್ತು. ಅದೇ ಚರಾನಿಯಾ 2023ರ ಜೂನ್ 22ರಂದು, ಡ್ರಾಫ್ಟ್ ದಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ದಿನ), ಷಾರ್ಲಟ್ ತಂಡದ ಎರಡನೇ ಆಯ್ಕೆಗೆ ಸ್ಕೂಟ್ ಹೆಂಡರ್ಸನ್ ಹೆಸರು ಬಲವಾಗುತ್ತಿದೆ ಎಂದು ಬರೆದಿದ್ದರು. ಬೆಟ್ಟಿಂಗ್ ದರಗಳು ಕ್ಷಣದಲ್ಲಿ ಮಗುಚಿದವು. ರಾತ್ರಿ ಷಾರ್ಲಟ್ ಆರಿಸಿದ್ದು ಬ್ರ್ಯಾಂಡನ್ ಮಿಲ್ಲರ್‌ನನ್ನು. ಆ ಹೊತ್ತಿಗೆ ಚರಾನಿಯಾಗೆ ಬೆಟ್ಟಿಂಗ್ ಕಂಪನಿ ಫ್ಯಾನ್‌ಡ್ಯೂಯೆಲ್ ಜೊತೆಗೂ ನಂಟಿತ್ತು. ಈ ಸುದ್ದಿ ನಮಗೆ ಮೊದಲೇ ಗೊತ್ತಿರಲಿಲ್ಲ ಎಂದು ಕಂಪನಿ ಹೇಳಿತು. ವರದಿಗಾರ ಒಬ್ಬರೇ, ಕ್ರಿಯಾಪದ ಬೇರೆ. 'ಬಲವಾಗುತ್ತಿದೆ' ಎಂಬುದು ಸುಳ್ಳಾಗುವುದೇ ಇಲ್ಲ. ಬಲವಾಯಿತು, ಮತ್ತೆ ಕುಗ್ಗಿತು ಎಂದರೆ ಮುಗಿಯಿತು.

ಡಾನ್ಚಿಚ್ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ಅದರ ಬಗ್ಗೆ ಮುಂಚೆ ಗಾಳಿಸುದ್ದಿಯೇ ಇರಲಿಲ್ಲ. ತಂಡ ಕಟ್ಟುವ ಹೊಣೆ ಹೊತ್ತಿದ್ದ ಡಲ್ಲಾಸ್‌ನ ನಿಕೊ ಹ್ಯಾರಿಸನ್, ಲೇಕರ್ಸ್‌ನ ರಾಬ್ ಪೆಲಿಂಕಾ ಇಬ್ಬರೇ ಸುಮಾರು ಮೂರು ವಾರ ಗುಟ್ಟಾಗಿ ಮಾತಾಡಿದ್ದರು. ಆಟಗಾರರಿಗೂ ಗೊತ್ತಿರಲಿಲ್ಲ, ಏಜೆಂಟರಿಗೂ ಗೊತ್ತಿರಲಿಲ್ಲ. ಅಂದ ಮೇಲೆ, ವಾರಗಟ್ಟಲೆ ಸುದ್ದಿಯಲ್ಲಿರುವ ಟ್ರೇಡ್ ಎಂದರೆ ಅದನ್ನು ಸುದ್ದಿಯಲ್ಲಿಡುವುದರಿಂದ ಯಾರಿಗೋ ಲಾಭವಿದೆ ಎಂದೇ ಅರ್ಥ. 'ಬಲ್ಲ ಮೂಲಗಳು' ಪುಕ್ಕಟೆ ಬಾಯಿ ಬಿಡುವುದಿಲ್ಲ. ಆಟಗಾರನ ಏಜೆಂಟ್‌ಗೆ ಮುಂದಿನ ಕರಾರಿನ ದರ ಏರಬೇಕು. ಮಾರುವ ತಂಡಕ್ಕೆ ನಾಲ್ಕು ಗಿರಾಕಿಗಳಿದ್ದಾರೆ ಎಂಬ ಭ್ರಮೆ ಹುಟ್ಟಬೇಕು. ಕೊಳ್ಳುವ ತಂಡಕ್ಕೆ, ನಾವು ಪ್ರಯತ್ನಿಸಿದೆವು, ಆಗಲಿಲ್ಲ ಎಂದು ತಮ್ಮ ಅಭಿಮಾನಿಗಳಿಗೆ ತೋರಿಸಬೇಕು; ಈ ಬಗೆಯ ಸುದ್ದಿ ಡೆಡ್‌ಲೈನ್ (ಆ ಋತುವಿನ ಟ್ರೇಡ್‌ಗಳ ಗಡುವು) ಮುಗಿದ ಮರುದಿನ ರಾಶಿ ಬೀಳುತ್ತದೆ. ಹೆಸರು ಹೇಳಿಯೇ ಮಾತಾಡಿದ ಮೂಲಗಳು ಅಪರೂಪ. 2019ರ ಜನವರಿಯಲ್ಲಿ ಆಂಥೊನಿ ಡೇವಿಸ್ ನ್ಯೂ ಆರ್ಲಿಯನ್ಸ್ ಬಿಡಲು ಬಯಸಿದ್ದಾರೆ ಎಂದು ಏಜೆಂಟ್ ರಿಚ್ ಪಾಲ್ ಬಹಿರಂಗವಾಗಿ ಹೇಳಿದರು, ಲೀಗ್ ಡೇವಿಸ್‌ಗೆ 50,000 ಡಾಲರ್ ದಂಡ ಹಾಕಿತು. ಮೂಲಗಳು ಹೆಸರು ಹೇಳದೆ ಉಳಿಯುವುದೇಕೆ ಎಂದು ಇನ್ನು ಕೇಳಬೇಕಾಗಿಲ್ಲ.

ಮೂಲ ಯಾರೆಂದು ತಿಳಿಯದಿದ್ದರೂ ಲೆಕ್ಕ ಹಾಕಲು ಯಾರ ಅಪ್ಪಣೆಯೂ ಬೇಡ. ಅರ್ಧದಷ್ಟು ಗಾಳಿಸುದ್ದಿ ಸಂಬಳದ ಗಣಿತದಲ್ಲೇ ಸತ್ತುಹೋಗುತ್ತದೆ. ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ನಂತರ ಸ್ಯಾಲರಿ ಕ್ಯಾಪ್‌ನ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಇಟ್ಟ ಮಿತಿಯ) ಮೇಲೆ ಎರಡು ಗೆರೆಗಳಿವೆ, ಮೊದಲ ಏಪ್ರನ್ ಮತ್ತು ಎರಡನೇ ಏಪ್ರನ್. 2024-25ರಲ್ಲಿ ಅವು 17.81 ಕೋಟಿ ಮತ್ತು 18.89 ಕೋಟಿ ಡಾಲರ್. ಮೊದಲ ಗೆರೆ ದಾಟಿದ ತಂಡ ಕಳಿಸಿದ ಸಂಬಳಕ್ಕಿಂತ ಹೆಚ್ಚಿನದನ್ನು ಒಳಗೆ ತರುವಂತಿಲ್ಲ. ಎರಡನೆಯದನ್ನು ದಾಟಿದ ತಂಡ ಇಬ್ಬರ ಸಂಬಳ ಒಟ್ಟು ಸೇರಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತೆಯೂ ಇಲ್ಲ.

ಇದನ್ನು ಫೀನಿಕ್ಸ್ ತಂಡಕ್ಕೆ ಅನ್ವಯಿಸಿ. ಆ ಚಳಿಗಾಲವೆಲ್ಲ ಮಯಾಮಿಯ ಜಿಮ್ಮಿ ಬಟ್ಲರ್ ಫೀನಿಕ್ಸ್‌ಗೆ ಬರುತ್ತಾರೆ ಎಂಬ ಅಂತೆಕಂತೆಗಳ ಸಂತೆ. ಬಟ್ಲರ್ ಸಂಬಳ ಸುಮಾರು 4.88 ಕೋಟಿ ಡಾಲರ್. ಫೀನಿಕ್ಸ್ ಎರಡನೇ ಏಪ್ರನ್ ದಾಟಿ ನಿಂತಿತ್ತು. ಅಷ್ಟು ಸಂಬಳವನ್ನು ಒಬ್ಬನೇ ತೂಗಬಲ್ಲವರು ಅಲ್ಲಿ ಮೂವರು: ಡ್ಯುರಾಂಟ್, ಬುಕರ್, ಬ್ರ್ಯಾಡ್ಲಿ ಬೀಲ್. ತಂಡ ಬಿಟ್ಟುಕೊಡಲು ತಯಾರಿದ್ದದ್ದು 5.02 ಕೋಟಿಯ ಬೀಲ್ ಅವರನ್ನು. ಆದರೆ ಬೀಲ್ ಕರಾರಿನಲ್ಲಿ ನೋ-ಟ್ರೇಡ್ ಷರತ್ತಿತ್ತು, ಅವರ ಒಪ್ಪಿಗೆಯಿಲ್ಲದೆ ಕಳಿಸುವಂತಿರಲಿಲ್ಲ. ಬೀಲ್ ಹೋಗಲು ಒಪ್ಪುವ, ಬೀಲ್ ಸಂಬಳ ಹೊರಲು ಒಪ್ಪುವ ತಂಡ ಸಿಕ್ಕಿತೇ? ವರದಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅದು ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿ. ಕೊನೆಗೆ ಬಟ್ಲರ್ ಗೋಲ್ಡನ್ ಸ್ಟೇಟ್‌ಗೆ ಹೋದರು. ಹೋಲಿಕೆಗೆ ನೋಡಿ: ಡಾನ್ಚಿಚ್ 4.30 ಕೋಟಿ, ಡೇವಿಸ್ 4.32 ಕೋಟಿ. ಯಾರೂ ನಂಬದ ಆ ಟ್ರೇಡ್‌ನ ಲೆಕ್ಕ ಚೊಕ್ಕವಾಗಿತ್ತು.

ಡ್ರಾಫ್ಟ್ ಪಿಕ್‌ಗಳಿಗೂ, ಅಂದರೆ ಡ್ರಾಫ್ಟ್‌ನಲ್ಲಿ ಆರಿಸುವ ಸರದಿಗಳನ್ನು ಮಾರುವುದಕ್ಕೂ, ಕಟ್ಟುಪಾಡಿದೆ. ಏಳು ವರ್ಷದಾಚೆಯ ಪಿಕ್ ಮಾರುವಂತಿಲ್ಲ. ಮುಂಬರುವ ಎರಡು ಸತತ ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳುವಂತಿಲ್ಲ. ಐದು ಸತತ ಪಿಕ್ ಕೊಡುತ್ತಾರಂತೆ ಎಂದು ಯಾರಾದರೂ ಬರೆದರೆ, ಬೇರೆ ತಂಡಗಳಿಂದ ಬಂದ ಪಿಕ್ ಅವರ ಕೈಯಲ್ಲಿವೆಯೇ ನೋಡಿ. ಇಲ್ಲವಾದರೆ ಮುಂದೆ ಓದುವುದೇ ಬೇಡ.

ಇನ್ನು 'ಆಗಿಹೋಯಿತು' ಎಂದ ಮೇಲೂ ಆಗದ ಟ್ರೇಡ್‌ಗಳು. 2018ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್, ಫೀನಿಕ್ಸ್, ಮೆಂಫಿಸ್ ನಡುವೆ ಮೂರು ತಂಡಗಳ ಟ್ರೇಡ್ ವರದಿಯಾಯಿತು. ಮೆಂಫಿಸ್‌ನಲ್ಲಿ ಇಬ್ಬರು ಬ್ರೂಕ್ಸ್ ಇದ್ದರು. ತಮಗೆ ಬರುವುದು ಡಿಲನ್ ಎಂದು ಫೀನಿಕ್ಸ್ ತಿಳಿದಿತ್ತು, ತಾವು ಕೊಡುವುದು ಮಾರ್ಷಾನ್ ಎಂದು ಮೆಂಫಿಸ್. ಇವೆರಡು ತಂಡಗಳು ನೇರವಾಗಿ ಮಾತಾಡಿರಲಿಲ್ಲ, ನಡುವೆ ವಾಷಿಂಗ್ಟನ್ ಇತ್ತು. ಟ್ರೇಡ್ ಮುರಿದುಬಿತ್ತು. 2020ರ ನವೆಂಬರ್‌ನಲ್ಲಿ ಬೊಗ್ದಾನ್ ಬೊಗ್ದಾನೊವಿಚ್ ಮಿಲ್ವಾಕಿಗೆ ಎಂಬ ಸುದ್ದಿ ಬಂತು. ಅದು ಸೈನ್-ಅಂಡ್-ಟ್ರೇಡ್, ಹಳೆಯ ತಂಡವೇ ಹೊಸ ಕರಾರಿಗೆ ಸಹಿ ಹಾಕಿಸಿ ಕಳಿಸುವ ಬಗೆ; ಆಟಗಾರನ ಸಹಿಯಿಲ್ಲದೆ ನಡೆಯದು, ಅವರು ಒಪ್ಪಿರಲೇ ಇಲ್ಲ. ಅವಧಿಗೆ ಮುಂಚೆ ಮಾತಾಡಿದ್ದಕ್ಕೆ ಲೀಗ್ ತನಿಖೆ ಮಾಡಿ ಮಿಲ್ವಾಕಿಯ 2022ರ ಎರಡನೇ ಸುತ್ತಿನ ಪಿಕ್ ಕಿತ್ತುಕೊಂಡಿತು. 2025ರ ಫೆಬ್ರುವರಿಯಲ್ಲಿ ಲೇಕರ್ಸ್ ಷಾರ್ಲಟ್‌ನ ಮಾರ್ಕ್ ವಿಲಿಯಮ್ಸ್‌ನನ್ನು ತಂದು, ವೈದ್ಯಕೀಯ ಪರೀಕ್ಷೆಯ ನಂತರ ಟ್ರೇಡ್ ರದ್ದು ಮಾಡಿತು. ಈ ಮೂರರಲ್ಲೂ ಮೂಲಗಳು ಸುಳ್ಳಾಡಿದವು ಎನ್ನಲಾರೆ. ತಮಗೆ ಕಂಡಷ್ಟು ಹೇಳಿದವು. ಆಚೆ ಬದಿಯ ಒಪ್ಪಿಗೆಯಾಗಲಿ ವೈದ್ಯರ ವರದಿಯಾಗಲಿ ಅವುಗಳ ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪಟ ನಕಲಿ ಖಾತೆಗಳ ಮೇಲೆ ಹೆಚ್ಚು ಹೊತ್ತು ಬೇಡ. 2022ರ ನವೆಂಬರ್‌ನಲ್ಲಿ ಟ್ವಿಟರ್‌ನ ನೀಲಿ ಟಿಕ್ ದುಡ್ಡಿಗೆ ಸಿಗತೊಡಗಿದ ಕೂಡಲೇ ಖ್ಯಾತ ಆಟಗಾರ ಲೆಬ್ರಾನ್ ಜೇಮ್ಸ್ ಹೆಸರಿನ ನಕಲಿ ಖಾತೆಯೊಂದು ಟ್ರೇಡ್ ಕೇಳಿತು. 'ಎನ್‌ಬಿಎ ಸೆಂಟ್ರಲ್' ಎಂಬ ಸುದ್ದಿ ಖಾತೆಯನ್ನು ಅಣಕಿಸುವ 'ಎನ್‌ಬಿಎ ಸೆಂಟೆಲ್'ಗೆ ಆಟಗಾರರೇ ಮೋಸಹೋಗಿದ್ದಾರೆ. ಖಾತೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಚಿತ್ರ ನಂಬಬೇಡಿ, ಅಷ್ಟೇ. ಇದಕ್ಕಿಂತ ಅಪಾಯಕಾರಿ ಎಂದರೆ ಪಾಡ್‌ಕಾಸ್ಟ್‌ನಲ್ಲಿ 'ಹೀಗಾದರೆ ಹೇಗೆ' ಎಂದು ಯಾರೋ ಕಲ್ಪಿಸಿದ್ದು, ಸಂಜೆಯ ಹೊತ್ತಿಗೆ 'ಚರ್ಚೆಯಲ್ಲಿದೆ' ಎಂಬ ಶೀರ್ಷಿಕೆಯಾಗುವುದು. ಮೂಲ ಧ್ವನಿ ಕೇಳಿದರೆ ಎರಡು ನಿಮಿಷದಲ್ಲಿ ಬಯಲಾಗುತ್ತದೆ.

ಕೊನೆಯದು ಕ್ಯಾಲೆಂಡರ್. ಬೇಸಿಗೆಯಲ್ಲಿ ಸಹಿ ಹಾಕಿದ ಹೆಚ್ಚಿನವರನ್ನು ಡಿಸೆಂಬರ್ 15ರವರೆಗೆ ಮಾರುವಂತಿಲ್ಲ. ಅದಕ್ಕೆ ಮುಂಚೆ ಅವರ ಹೆಸರು ಕೇಳಿಬಂದರೆ ಪಕ್ಕಕ್ಕಿಡಿ. 2025ರ ಡೆಡ್‌ಲೈನ್ ಫೆಬ್ರುವರಿ 6, ನ್ಯೂಯಾರ್ಕ್ ಸಮಯ ಮಧ್ಯಾಹ್ನ 3 ಗಂಟೆ, ಅಂದರೆ ಬೆಂಗಳೂರಿನಲ್ಲಿ 7ರ ನಡುರಾತ್ರಿ ಕಳೆದು 1:30. ಆ ಗಳಿಗೆಗೆ ಎಲ್ಲ ಮುಗಿಯಿತೆಂದು ಮಲಗಬೇಡಿ. ಗಡುವಿನೊಳಗೆ ಲೀಗ್ ಕಚೇರಿ ತಲುಪಿದ ಟ್ರೇಡ್‌ಗಳು ಹೊರಬೀಳುವುದು ಅದರ ಮೇಲೆಯೇ. 1:40ಕ್ಕೆ ಬಂದ ಸುದ್ದಿಗೆ 'ಗಡುವು ಮುಗಿದಿದೆ, ಇದು ಸುಳ್ಳು' ಎಂದು ಪಂದ್ಯ ಕಟ್ಟಿದವರು ಪ್ರತಿ ವರ್ಷ ಸೋಲುತ್ತಾರೆ.