ಮಂಗಳೂರಲ್ಲಿ 18 ಸಾವಿರ ಸಂಬಳ: ಕೈಗೆಷ್ಟು, ಬಸ್ಸಿಗೆಷ್ಟು?

(ಹಂಪನಕಟ್ಟೆ, ಬೆಳಿಗ್ಗೆ. ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿರುವ ಕಂಡಕ್ಟರ್.)

"ರೈಟ್, ಪೋಯಿ!" ಕೇಳಿತಲ್ವಾ? ತುಳುವಿನಲ್ಲಿ 'ಹೋಗೋಣ' ಅಂತ. ಇವರ ಹತ್ತಿರ ಆಮೇಲೆ ಬರೋಣ. ಮೊದಲು ಸಂಬಳ.

ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ತಿಂಗಳಿಗೆ 18 ಸಾವಿರ ಅಂದರು ಅಂತ ಇಟ್ಟುಕೊಳ್ಳಿ. ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, 12 ಸಾವಿರ. ಅದರ ಶೇ. 12 ಪಿಎಫ್‌ಗೆ (ಮುಂದಕ್ಕೆ ಕೂಡಿಡುವ ಭವಿಷ್ಯ ನಿಧಿ), ಅಂದರೆ 1,440. ಸಂಬಳ 21 ಸಾವಿರದ ಒಳಗಿದ್ದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಕೂಡ ಉಂಟು, 18 ಸಾವಿರಕ್ಕೆ ಶೇ. 0.75, ಅಂದರೆ 135. ಕೈಗೆ ಬರುವುದು 16,425. ಪಿಎಫ್ ಎಲ್ಲೂ ಹೋಗುವುದಿಲ್ಲ, ನಿಮ್ಮದೇ ದುಡ್ಡು, ಮಾಲೀಕರೂ ಅಷ್ಟೇ ಹಾಕಬೇಕು. ನನ್ನ ಮೊದಲ ಕೆಲಸದಲ್ಲಿ ಅವರು ಹಾಕಬೇಕಾದ ಪಾಲನ್ನೂ ಸಿಟಿಸಿ (ನಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಒಳಗೇ ತುರುಕಿದ್ದರು, ಸ್ಲಿಪ್ ಹಿಡಿದು ಮೂರು ಸಲ ಕೂಡಿಸಿದೆ ಮಾರಾಯ್ರೆ, ನನ್ನ ಲೆಕ್ಕವೇ ತಪ್ಪಿರಬೇಕು ಅಂದುಕೊಂಡು.

ಈಗ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಸಿಟಿ ಬಸ್ಸು ಅಂದರೆ ಹೆಚ್ಚಿನವು ಖಾಸಗಿ, ಉಡುಪಿಯಲ್ಲೂ ಅದೇ ಕಥೆ. ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬರುವ ಹುಡುಗಿ ಒಂದು ಸಲಕ್ಕೆ 25 ಕೊಟ್ಟರೂ 26 ದಿನಕ್ಕೆ 1,300 ಆಯ್ತು. ಇದೇ ಹುಡುಗಿ ಬೆಂಗಳೂರಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಹತ್ತಿದರೆ ಸೊನ್ನೆ. "ಮಂಗಳೂರಲ್ಲಿ ಖರ್ಚು ಕಡಿಮೆ" ಅಂತ ಸುಮ್ನೆ ಹೇಳುತ್ತಾರಲ್ಲ, ಅವರು ಬೈಕ್‌ನವರು ಇರಬೇಕು!

ಸ್ವಂತ ಮನೆ ಇದ್ದವರು ಬಚಾವು, ಬಾಡಿಗೆ ಅಂತ ಬಂದರೆ ಈ ಲೆಕ್ಕವೇ ಬೇರೆ. ಊಟದ್ದೂ ಹಾಗೇ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಬಂಗುಡೆ ರೇಟು ಕೇಳಿ ವಾಪಸ್ ಬಂದು ಕುಚ್ಚಲಕ್ಕಿ ಗಂಜಿಗೆ ಒಣ ಸಿಗಡಿ ಚಟ್ನಿ ಮಾಡುವುದು.

ಆದರೆ ನನಗೆ ಜಾಸ್ತಿ ಸಿಟ್ಟು ಬರುವುದು ರಾತ್ರಿಯ ವಿಷಯಕ್ಕೆ. ಅಂಗಡಿ ಶಟರ್ ಎಳೆಯುವುದು ಒಂಬತ್ತಕ್ಕೆ, ಬಸ್ಸು ಅಷ್ಟೊತ್ತಿಗೆ ವಿರಳ. ತಪ್ಪಿದರೆ ಆಟೋ, ಒಂದೇ ರಾತ್ರಿಗೆ ಅರ್ಧ ದಿನದ ಸಂಬಳ ಹೋದ ಹಾಗೆ. ಅದಕ್ಕೇ ಇಂಟರ್‌ವ್ಯೂನಲ್ಲಿ "ಕೈಗೆ ಎಷ್ಟು ಸಿಗುತ್ತದೆ" ಅಂತ ಕೇಳಿದ ಮೇಲೆ ಇನ್ನೊಂದು ಕೇಳಿ: "ಸರ್, ಶಟರ್ ಎಷ್ಟು ಗಂಟೆಗೆ?"

(ಖಾಲಿ ಬಸ್ ಸ್ಟಾಪ್, ರಾತ್ರಿ 9.20.)