ಹಳೆಯ ಆಟ ಹೊಸ ಕಂಪ್ಯೂಟರಿನಲ್ಲಿ ಏಕೆ ತಡವರಿಸುತ್ತದೆ?

ಕೇಳುಗರಿಗೆ ನಮಸ್ಕಾರ.

ಹದಿನೈದು ವರ್ಷ ಹಳೆಯದಾದ ಕಂಪ್ಯೂಟರ್ ಆಟವೊಂದನ್ನು ಇಂದಿನ ಬಲವಾದ ಯಂತ್ರಕ್ಕೆ ಹಾಕಿದರೆ ಅದು ಸರಾಗವಾಗಿ ಓಡಲೇಬೇಕು ಎಂದು ನಾವೆಲ್ಲ ನಂಬಿರುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ. ಚಿತ್ರ ತಡವರಿಸುತ್ತದೆ, ಮೌಸ್ ಹೊರಳಿಸಿ ಅರೆಕ್ಷಣ ಕಳೆದ ಮೇಲೆ ದೃಶ್ಯ ಹೊರಳುತ್ತದೆ. ಆಗ ಹೆಚ್ಚಿನವರು ಸೆಟ್ಟಿಂಗ್ಸ್ ತೆರೆದು ನೆರಳು, ನೀರು, ಹುಲ್ಲು ಎಲ್ಲವನ್ನೂ ಒಟ್ಟಿಗೆ ಕೆಳಗಿಳಿಸುತ್ತಾರೆ. ಅದೂ ಫಲಿಸದಿದ್ದರೆ ಹೊಸ ಗ್ರಾಫಿಕ್ಸ್ ಕಾರ್ಡಿನ ಬೆಲೆ ವಿಚಾರಿಸುತ್ತಾರೆ. ಇವೆರಡಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ ಎಂದು ಕೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಆಟದಲ್ಲಿ ಅತಿ ಹೆಚ್ಚು ತಡವರಿಸುವ ಜಾಗಕ್ಕೆ ಹೋಗಿ ನಿಲ್ಲಿ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆ ಎಂಬ ಅಂಕಿ, ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿಕೊಳ್ಳಿ. ರಿವಾಟ್ಯೂನರ್‌ನಂತಹ ಉಚಿತ ತಂತ್ರಾಂಶ ಇದಕ್ಕೆ ಸಾಕು. ಅಂಕಿ 34 ಎಂದು ಇಟ್ಟುಕೊಳ್ಳೋಣ. ಈಗ ಬೇರೇನನ್ನೂ ಮುಟ್ಟದೆ ಚಿತ್ರದ ಪಿಕ್ಸೆಲ್‌ಗಳ, ಅಂದರೆ ಚುಕ್ಕೆಗಳ ಲೆಕ್ಕವಾದ ರೆಸಲ್ಯೂಶನ್ ಒಂದನ್ನೇ 1080ರಿಂದ 720ಕ್ಕೆ ಇಳಿಸಿ. ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಮತ್ತೆ ನೋಡಿ. ಬಿಡಿಸಬೇಕಾದ ಪಿಕ್ಸೆಲ್‌ಗಳು ಈಗ ಅರ್ಧಕ್ಕಿಂತಲೂ ಕಡಿಮೆ. ಅಂಕಿ 50, 60ಕ್ಕೆ ಏರಿತೇ? ಹಾಗಾದರೆ ಗ್ರಾಫಿಕ್ಸ್ ಕಾರ್ಡಿಗೇ ಹೊರೆಯಾಗಿತ್ತು. 34 ಇದ್ದದ್ದು 35ಕ್ಕೆ ನಿಂತಿತೇ? ಹಾಗಾದರೆ ಕಾರ್ಡ್ ಕೆಲಸವಿಲ್ಲದೆ ಕಾಯುತ್ತಿದೆ, ತಡವಾಗುತ್ತಿರುವುದು ಪ್ರೊಸೆಸರಿನಲ್ಲಿ.

ಹಳೆಯ ಆಟಗಳಲ್ಲಿ ಬಹುಪಾಲು ಈ ಎರಡನೆಯದೇ ಕಾಣುತ್ತದೆ. 2007ರಲ್ಲಿ ಬಂದ ಕ್ರೈಸಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರೊಸೆಸರಿನ ಒಂದೊಂದು ಕೋರೂ, ಅಂದರೆ ಲೆಕ್ಕ ಮಾಡುವ ಒಂದೊಂದು ಘಟಕವೂ, ವರ್ಷದಿಂದ ವರ್ಷಕ್ಕೆ ವೇಗವಾಗುತ್ತಲೇ ಹೋಗುತ್ತದೆ ಎಂಬ ನಂಬಿಕೆಯ ಕಾಲದಲ್ಲಿ ರೂಪುಗೊಂಡ ಆಟ ಅದು. ಆದರೆ ವೇಗ ಆ ಲೆಕ್ಕದಲ್ಲಿ ಏರಲಿಲ್ಲ, ಕೋರ್‌ಗಳ ಸಂಖ್ಯೆ ಏರಿತು. ಹೀಗಾಗಿ ಯಂತ್ರದಲ್ಲಿ ಎಂಟು ಕೋರ್ ಇದ್ದರೂ ಆಟದ ಕೆಲಸದ ಬಹುಭಾಗ ಒಂದೆರಡರ ಮೇಲೆಯೇ ಬೀಳುತ್ತದೆ. ಇಲ್ಲಿ ಪ್ರೊಸೆಸರಿನ ದುಡಿಮೆ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಟ್ಟಿಗೆ ಎಂಟು ಕೆಲಸಗಳ ಸಾಲು, ಅಂದರೆ ಎಂಟು ಥ್ರೆಡ್ ನಡೆಸಬಲ್ಲ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇಕಡ 12.5 ಮಾತ್ರ. ಜೊತೆಗೆ ವಿಂಡೋಸ್ ಆ ಕೆಲಸವನ್ನು ಕೋರ್‌ನಿಂದ ಕೋರ್‌ಗೆ ದಾಟಿಸುತ್ತಿರುವುದರಿಂದ ಯಾವ ಕೋರೂ ನೂರು ಮುಟ್ಟಿದಂತೆ ಕಾಣುವುದಿಲ್ಲ. ಆ ಅಂಕಿ ನೋಡಿ ಪ್ರೊಸೆಸರ್ ಆರಾಮವಾಗಿದೆ ಎಂದು ತೀರ್ಮಾನಿಸಬೇಡಿ. ನಾನು ಹೇಳಿದ ರೆಸಲ್ಯೂಶನ್ ಪರೀಕ್ಷೆಯನ್ನೇ ನಂಬಿ.

ಪ್ರೊಸೆಸರ್ ಅಡ್ಡಿಯಾಗಿದ್ದರೆ ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಗೆ ಹೊದಿಸಿದ ಚಿತ್ರಗಳ ಗುಣಮಟ್ಟ ತಗ್ಗಿಸಿ ಪ್ರಯೋಜನವಿಲ್ಲ. ಚಿತ್ರ ಮಂಕಾಗುತ್ತದೆ, ಅಷ್ಟೇ. ಇಳಿಸಬೇಕಾದದ್ದು ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕೆಂಬುದನ್ನು, ನೆರಳನ್ನು, ಭೌತಿಕ ಪರಿಣಾಮಗಳನ್ನು. ಮಿರರ್ಸ್ ಎಡ್ಜ್ ಆಟವನ್ನೇ ನೋಡಿ. ಪೊಲೀಸರ ಗುಂಡಿಗೆ ಕಚೇರಿಯ ಗಾಜು ಒಡೆದು ಚೂರು ಹಾರುವ ಹೊತ್ತಿಗೆ ಆಟ ಕುಂಟತೊಡಗುತ್ತದೆ. ಫಿಸ್‌ಎಕ್ಸ್ ಎಂಬ, ಭೌತಿಕ ಪರಿಣಾಮಗಳನ್ನು ಲೆಕ್ಕ ಹಾಕುವ ಆಯ್ಕೆ ಚಾಲೂ ಇದ್ದು, ಕಾರ್ಡ್ ಅದಕ್ಕೆ ಒದಗದಿದ್ದರೆ ಒಂದೊಂದು ಚೂರಿನ ಲೆಕ್ಕವೂ ಪ್ರೊಸೆಸರಿನ ಪಾಲಿಗೆ ಬರುತ್ತದೆ. 2025ರಲ್ಲಿ ಎನ್‌ವಿಡಿಯಾದ 50 ಸರಣಿಯ ಕಾರ್ಡ್‌ಗಳು ಹಳೆಯ 32 ಬಿಟ್ ಫಿಸ್‌ಎಕ್ಸ್ ಬೆಂಬಲವಿಲ್ಲದೆ ಮಾರುಕಟ್ಟೆಗೆ ಬಂದಾಗ ಅತಿ ದುಬಾರಿ ಕಾರ್ಡ್ ಕೊಂಡವರಿಗೂ ಇದೇ ಗತಿಯಾಯಿತು. ಮೆನುವಿನಲ್ಲಿ ಆ ಒಂದು ಆಯ್ಕೆಯನ್ನು ಆಫ್ ಮಾಡಿದರೆ ಆಟ ಮತ್ತೆ ಚೇತರಿಸಿಕೊಳ್ಳುತ್ತದೆ.

ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಹಳೆಯ ಆಟಗಳು ಡೈರೆಕ್ಟ್‌ಎಕ್ಸ್ 9ರ ಮೂಲಕ ಕಾರ್ಡಿಗೆ ಆದೇಶ ಕೊಡುತ್ತವೆ. ಡಿಎಕ್ಸ್‌ವಿಕೆ ಎಂಬ ಉಚಿತ ತಂತ್ರಾಂಶ ಆ ಆದೇಶಗಳನ್ನು ವಲ್ಕನ್ ಎಂಬ ಹೊಸ ವ್ಯವಸ್ಥೆಗೆ ಬದಲಿಸಿ ಕೊಡುತ್ತದೆ. ಅದರ ಒಂದು ಫೈಲನ್ನು ಆಟದ ಫೋಲ್ಡರಿಗೆ ಹಾಕಿದರೆ ಸಾಕು, ಬೇಡವೆನಿಸಿದರೆ ಅಳಿಸಿಹಾಕಬಹುದು. 2008ರ ಗ್ರ್ಯಾಂಡ್ ಥೆಫ್ಟ್ ಆಟೋ ನಾಲ್ಕರಲ್ಲಿ ಇದರಿಂದ ಅನೇಕರಿಗೆ ನೆಮ್ಮದಿ ಸಿಕ್ಕಿದೆ. ಆರಂಭದಲ್ಲಿ ಅಲ್ಲಲ್ಲಿ ಚಿತ್ರ ಅರೆಕ್ಷಣ ನಿಂತರೆ ಗಾಬರಿ ಬೇಡ, ಆಡುತ್ತಾ ಹೋದಂತೆ ಅದು ಕಡಿಮೆಯಾಗುತ್ತದೆ. ಮೋಸ ತಡೆಯುವ ವ್ಯವಸ್ಥೆ ಇರುವ ಆನ್‌ಲೈನ್ ಆಟಗಳಲ್ಲಿ ಮಾತ್ರ ಇದನ್ನು ಬಳಸಬೇಡಿ.

ಲ್ಯಾಪ್‌ಟಾಪ್ ಇದ್ದವರು ಇನ್ನೊಂದು ಸಂಗತಿ ಗಮನಿಸಿ. ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದರೆ ವಿಂಡೋಸ್ ಹಳೆಯ ಆಟವನ್ನು ಗುರುತಿಸದೆ ದುರ್ಬಲ ಚಿಪ್‌ಗೆ ಒಪ್ಪಿಸಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಆಟವನ್ನು ಸೇರಿಸಿ ಬಲವಾದ ಚಿಪ್ ಆಯ್ದುಕೊಳ್ಳಿ.

ಅಂಕಿ ಸರಿಯಾಗಿ 30ಕ್ಕೆ ಅಂಟಿಕೊಂಡಿದ್ದರೆ ಮಾನಿಟರಿನ ಸರದಿಗೆ ಫ್ರೇಮುಗಳನ್ನು ಹೊಂದಿಸುವ ವಿ-ಸಿಂಕ್ ಮೇಲೆ ಅನುಮಾನ ಪಡಿ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಮಾನಿಟರಿನಲ್ಲಿ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 17 ಹಿಡಿದರೂ ಅದು ಮುಂದಿನ ಸರದಿಗೆ, ಅಂದರೆ 33.3ಕ್ಕೆ ಕಾಯಬೇಕು. ಫ್ರೇಮುಗಳನ್ನು ಸಿದ್ಧಪಡಿಸಿಡಲು ಹೆಚ್ಚುವರಿ ಜಾಗ ಕೊಡುವ ಟ್ರಿಪಲ್ ಬಫರಿಂಗ್ ಚಾಲೂ ಮಾಡಿದರೆ ಈ ಕಾಯುವಿಕೆ ತಪ್ಪುತ್ತದೆ.

ಎಲ್ಲ ಸರಿಹೋಗಿ ಅಂಕಿ ನೂರು ದಾಟಿದಾಗಲೂ ಒಂದು ಎಚ್ಚರಿಕೆ ಬೇಕು. ಕೆಲವು ಹಳೆಯ ಆಟಗಳಲ್ಲಿ ಭೌತಿಕ ಲೆಕ್ಕಾಚಾರವನ್ನು ಫ್ರೇಮ್ ರೇಟಿಗೇ ಕಟ್ಟಿಹಾಕಲಾಗಿದೆ. 2011ರ ಸ್ಕೈರಿಮ್‌ನಲ್ಲಿ 60 ಮೀರಿದರೆ ನೀವು ಮನೆಯೊಳಗೆ ಕಾಲಿಡುತ್ತಿದ್ದಂತೆ ಮೇಜಿನ ಮೇಲಿನ ಪಾತ್ರೆಗಳು ತಾವಾಗಿಯೇ ಹಾರಬಹುದು. ಅಂತಹ ಆಟಗಳಿಗೆ 60ರ ಮಿತಿ ಹಾಕಿಯೇ ಆಡಿ. ನಮಸ್ಕಾರ.