ಬೆಂಕಿ ಆರಿದ ಮೇಲೆ ಜೀಪಿನ ಒಳಗೆ

ಕೇಳುಗರಿಗೆ ನಮಸ್ಕಾರ.

ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಜೀಪಿಗೆ ಇರುವ ಸ್ಥಾನವನ್ನು ಆ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಚಕ್ರಗಳಿಗೆ ಸರಪಳಿ ಕಟ್ಟಿಸಿಕೊಂಡು ಕೆಸರಿನ ಏರು ಹತ್ತುವುದು, ಕೊಯ್ಲಿನ ದಿನಗಳಲ್ಲಿ ಕಾಫಿ ಹಣ್ಣಿನ ಮೂಟೆ ಹೊರುವುದು, ನಡುರಾತ್ರಿ ನೋವು ಕಾಣಿಸಿಕೊಂಡ ಬಸುರಿಯನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸುವುದು, ಎಲ್ಲವೂ ಅದರ ಪಾಲಿನ ಕೆಲಸಗಳೇ. ನಮ್ಮ ಮನೆಯಲ್ಲಿರುವುದು ಮಹೀಂದ್ರ ಎಂಎಂ 540. 1985ರಲ್ಲಿ ಬಂದ ಈ ಮಾದರಿಯಲ್ಲಿರುವುದು ಪ್ಯೂಜೊ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್. ಆದರೆ ಇಂದು ನಾನು ಹೇಳಹೊರಟಿರುವುದು ಎಂಜಿನ್ನಿನ ವಿಷಯವಲ್ಲ. ಒಳಭಾಗ ಬೆಂಕಿಗೆ ತುತ್ತಾದ ಆ ಜೀಪನ್ನು ಮತ್ತೆ ಹತ್ತಿ ಕೂರುವಂತೆ ಮಾಡಿದ ಕೆಲಸದ ವಿಷಯ. ಸುಟ್ಟುಹೋದದ್ದನ್ನು ತೆಗೆದು ಹೊಸದನ್ನು ಹಾಕುವುದು ಆ ಕೆಲಸದಲ್ಲಿ ಸುಲಭದ ಪಾಲು. ಸುಡದೆ ಉಳಿದಂತೆ ಕಾಣುವ ಭಾಗಗಳ ಮೇಲೆ ಬೆಂಕಿ ಬಿಟ್ಟುಹೋದದ್ದನ್ನು ಪೂರ್ತಿಯಾಗಿ ತೆಗೆಯುವುದು ಕಷ್ಟದ ಪಾಲು. ಅದು ನನಗೆ ಕೆಲಸಕ್ಕೆ ಇಳಿದ ಮೇಲೆಯೇ ತಿಳಿಯಿತು.

ಬೆಂಕಿ ಹೊತ್ತಿಕೊಂಡದ್ದಕ್ಕೆ ಜೀಪನ್ನು ತಯಾರಿಸಿದವರು ಕಾರಣರಲ್ಲ, ನಾವೇ ಕಾರಣ. ಮಂಜಿನಲ್ಲಿ ದಾರಿ ಕಾಣಲೆಂದು ಮುಂಭಾಗಕ್ಕೆ 100 ವಾಟ್‌ನ ಎರಡು ದೀಪಗಳನ್ನು ಹಾಕಿಸಿದ್ದೆವು. ಅದರ ವೈರನ್ನು ಬ್ಯಾಟರಿಯಿಂದ ನೇರವಾಗಿ, ನಡುವೆ ಫ್ಯೂಸ್ ಇಲ್ಲದೆ, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಎಳೆಯಲಾಗಿತ್ತು. ಎಂಜಿನ್ನಿಗೂ ಒಳಭಾಗಕ್ಕೂ ನಡುವೆ ಇರುವ ತಗಡಿನ ಗೋಡೆಗೆ ಒಂದು ತೂತು ಕೊರೆದು ವೈರನ್ನು ತೂರಿಸಿದ್ದರೇ ಹೊರತು ಆ ತೂತಿಗೆ ರಬ್ಬರ್ ಬಳೆ ಹಾಕಿರಲಿಲ್ಲ. ಜೀಪು ಕಲ್ಲುದಾರಿಯಲ್ಲಿ ಕುಲುಕಿದಾಗಲೆಲ್ಲ ತಗಡಿನ ಅಂಚು ವೈರಿನ ಹೊದಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊರೆಯುತ್ತಾ ಬಂದು, ಮಾರ್ಚ್ ತಿಂಗಳ ಒಂದು ಸಂಜೆ ತಾಮ್ರವೇ ತಗಡಿಗೆ ತಗಲಿತು. ಹೀಗೆ ಶಾರ್ಟ್ ಆದಾಗ ಜೀಪಿನ ಬ್ಯಾಟರಿ ನೂರಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಹರಿಸಬಲ್ಲದು. ವೈರು ಕೆಂಪಗೆ ಕಾದು ತನ್ನ ಪಕ್ಕದ ವೈರುಗಳನ್ನೂ ಹೊತ್ತಿಸಿತು. ಪಕ್ಕದ ತೋಟದ ಪಂಪಿನ ಮನೆಯಲ್ಲಿ ನೇತುಹಾಕಿದ್ದ, ಬೆಂಕಿ ಆರಿಸುವ ಪುಡಿಯ ಸಿಲಿಂಡರನ್ನು ಆಳುಗಳು ಓಡಿಹೋಗಿ ತಂದರು. ಅಷ್ಟರಲ್ಲಿ ನಾನು ಬ್ಯಾಟರಿಯ ಟರ್ಮಿನಲ್ ಕಳಚಿದ್ದೆ. ಬೆಂಕಿ ಆರಿತು. ಡ್ಯಾಶ್‌ಬೋರ್ಡಿನ ಹಿಂಭಾಗ, ಸ್ಟಿಯರಿಂಗ್ ಚಕ್ರ, ಮುಂದಿನ ಎರಡು ಸೀಟುಗಳು ಮತ್ತು ಹುಡ್ಡಿನ, ಅಂದರೆ ಜೀಪಿನ ಮೇಲ್ಹೊದಿಕೆಯ, ಮುಂದಿನ ಅರ್ಧ ಸುಟ್ಟಿದ್ದವು. ಉಳಿದದ್ದೆಲ್ಲ ಕಪ್ಪಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ನಮ್ಮ ಅಪ್ಪಯ್ಯ ಮೆದುಗೊಳವೆ ಹಿಡಿದು ಜೀಪನ್ನು ತೊಳೆಯಲು ಹೊರಟಿದ್ದರು. ಯಾರಿಗಾದರೂ ಮೊದಲು ತೋಚುವುದು ಅದೇ. ಪರಿಚಯದ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಫೋನಿನಲ್ಲಿಯೇ ಬೇಡವೆಂದು ತಡೆದರು, ಮತ್ತು ಅವರು ತಡೆದದ್ದರಿಂದಲೇ ಈ ಜೀಪು ಇಂದಿಗೂ ಓಡುತ್ತಿದೆ ಎಂದು ನಾನು ನಂಬಿದ್ದೇನೆ. ನೀರು ಮುಟ್ಟಿಸುವ ಮೊದಲು ಎಲ್ಲ ಕಡೆಯಿಂದಲೂ ಫೋಟೋ ತೆಗೆದಿಟ್ಟುಕೊಳ್ಳಬೇಕು. ವಿಮೆ ಇದ್ದರೆ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಕದಲಿಸಬಾರದು. ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯದ 75 ಶೇಕಡಾವನ್ನು ಮೀರಿದರೆ ವಾಹನವನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ ಎಂಬುದೂ ಗೊತ್ತಿರಬೇಕು. ನಮ್ಮ ಕಡೆಯ ಬಹುಪಾಲು ಹಳೆಯ ಜೀಪುಗಳ ಹಾಗೆ ನಮ್ಮದಕ್ಕೂ ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ಸ್ವಂತ ಗಾಡಿಯ ಬೆಂಕಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ನೀರು ಏಕೆ ಕೂಡದು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ವೈರುಗಳ ಹೊದಿಕೆ, ಸೀಟಿನ ರೆಕ್ಸಿನ್, ನೆಲದ ಮ್ಯಾಟು, ಇವುಗಳಲ್ಲಿ ಹೆಚ್ಚಿನವು ಪಿವಿಸಿ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದವು. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಇರುತ್ತದೆ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬಂದು, ಮಸಿಯ ಕಣಗಳ ಜೊತೆಗೆ ತಣ್ಣಗಿನ ಲೋಹದ ಮೇಲೆ ಹೋಗಿ ಕೂರುತ್ತದೆ. ಅದಕ್ಕೆ ನೀರಿನ ಪಸೆ ಸಿಕ್ಕಿದರೆ ಹೈಡ್ರೋಕ್ಲೋರಿಕ್ ಆಮ್ಲವೇ ತಯಾರಾಗುತ್ತದೆ. ಬೆಂಕಿ ಆರಿಸಲು ಸಾಮಾನ್ಯವಾಗಿ ಬಳಸುವ ಎಬಿಸಿ ಪುಡಿಯಲ್ಲಿರುವುದು ಮೋನೋ ಅಮೋನಿಯಂ ಫಾಸ್ಫೇಟ್. ಅದೂ ತೇವ ಹೀರಿಕೊಂಡರೆ ಆಮ್ಲದ ಗುಣ ತೋರಿಸಿ ಲೋಹವನ್ನು ತಿನ್ನುತ್ತದೆ. ಒಣ ನಾಡಿನಲ್ಲಾದರೆ ಇದು ನಿಧಾನವಾಗಿ ನಡೆಯಬಹುದು. ನಮ್ಮದು ಬೆಳಗಿನ ಇಬ್ಬನಿಗೇ ಬಟ್ಟೆ ತಣ್ಣಗಾಗುವ ಊರು. ಬೆಂಕಿಯಿಂದ ಬಹು ದೂರವಿದ್ದ ಹಿಂಬದಿಯ ಬಾಗಿಲಿನ ತಿರುಗಣಿ ಮೂರನೆಯ ದಿನಕ್ಕೇ ಕೆಂಪು ತುಕ್ಕು ಹಿಡಿದದ್ದನ್ನು ಕಂಡಾಗ ನನಗೆ ಭಯವಾಯಿತು.

ಇನ್ನು ಮಸಿಯ ವಿಚಾರ. ಹಂಡೆಯ ಒಲೆ ಇರುವ ಬಚ್ಚಲುಮನೆಯ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದವರಿಗೆ ಅದರ ಸ್ವಭಾವ ಚೆನ್ನಾಗಿ ಗೊತ್ತು: ಒರೆಸಿದಷ್ಟೂ ಹರಡುತ್ತದೆ. ಪ್ಲಾಸ್ಟಿಕ್ ಮತ್ತು ಫೋಮ್ ಸುಟ್ಟ ಮಸಿಯಲ್ಲಿ ಜಿಡ್ಡು ಬೇರೆ ಇರುವುದರಿಂದ, ನೀರು ತಾಗಿದರೆ ಅದು ಬಣ್ಣದೊಳಕ್ಕೆ ಇಳಿದು ಬಿಡದ ಕಲೆಯಾಗುತ್ತದೆ. ಆದ್ದರಿಂದ ಮೊದಲು ಒಣ ಕೆಲಸ. ಒಳ್ಳೆಯ ಮಾಸ್ಕ್, ಕೈಗವಸು, ಕನ್ನಡಕ ಧರಿಸಿಯೇ ಶುರು ಮಾಡಬೇಕು. ಸುಟ್ಟ ಫೋಮಿನ ಬೂದಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮತ್ತು ತೀರಾ ಹಳೆಯ ಗಾಡಿಗಳ ಶಾಖ ತಡೆಯುವ ಹೊದಿಕೆಯಲ್ಲಿ ಅಸ್ಬೆಸ್ಟಾಸ್ ಇರುವ ಸಂಭವವೂ ಇದೆ. ಸೀಟು, ಮ್ಯಾಟು, ಹುಡ್ಡು, ಡ್ಯಾಶ್‌ಬೋರ್ಡು, ಮೀಟರುಗಳು, ಪೆಡಲಿನ ರಬ್ಬರು, ಬಾಗಿಲಿನ ಪಟ್ಟಿಗಳು, ಹೀಗೆ ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಎಲ್ಲವನ್ನೂ ನಾವು ಹೊರಗೆ ತೆಗೆದೆವು. ಒಂದೊಂದು ಗುಂಪಿನ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆವು. ಆಮೇಲೆ ಸೂಕ್ಷ್ಮ ಫಿಲ್ಟರ್ ಇರುವ ವ್ಯಾಕ್ಯೂಮ್ ಯಂತ್ರದಿಂದ, ಬ್ರಷ್ಷಿನಲ್ಲಿ ತಿಕ್ಕದೆ, ಮೇಲಿನಿಂದ ಕೆಳಕ್ಕೆ ಮಸಿಯನ್ನೂ ಸಿಲಿಂಡರಿನ ಪುಡಿಯನ್ನೂ ಎಳೆದೆವು. ಮೂಲೆಗಳಲ್ಲಿ ಅಂಟಿಕೊಂಡದ್ದನ್ನು ಒಣ ರಬ್ಬರ್ ಸ್ಪಂಜಿನಿಂದ ಒತ್ತಿ ತೆಗೆದೆವು. ಇದಕ್ಕೇ ಎರಡು ದಿನ ಹಿಡಿಯಿತು.

ಅದಾದ ನಂತರವೇ ನೀರು ಮುಟ್ಟಿಸಿದ್ದು. ಮೊದಲು ಜಿಡ್ಡು ತೆಗೆಯುವ ಸೋಪಿನ ದ್ರಾವಣ, ಆಮೇಲೆ ಅಡುಗೆ ಸೋಡಾ ಕದಡಿದ ನೀರು. ಆಮ್ಲ ಪೂರ್ತಿ ಹೋಗಿದೆಯೇ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಶಾಲೆಯ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಯಲ್ಲಿ ನೀಲಿ ಲಿಟ್ಮಸ್ ಕಾಗದದ ಒಂದು ಪುಟ್ಟ ಪುಸ್ತಕ ಕೊಂಡು ತಂದಿದ್ದೆ. ಚೂರು ಕಾಗದವನ್ನು ಒದ್ದೆ ಮಾಡಿ ತಗಡಿಗೆ ಒತ್ತಿ ಹಿಡಿದರೆ, ಆಮ್ಲವಿದ್ದ ಕಡೆ ಅದು ಕೆಂಪಾಗುತ್ತಿತ್ತು. ನೆಲದ ಅಂಚಿನ ಸಂದುಗಳಲ್ಲಿ ನಾಲ್ಕನೆಯ ತೊಳೆತಕ್ಕೂ ಕೆಂಪಾದದ್ದನ್ನು ಕಂಡ ಅಪ್ಪಯ್ಯ, ಅಲ್ಲಿಯ ತನಕ ನನ್ನದು ಅತಿಯಾಯಿತೆಂದು ಗೊಣಗುತ್ತಿದ್ದವರು, ತಾವೇ ಸೋಡಾ ನೀರಿನ ಬಕೆಟ್ ಹಿಡಿದು ಕುಳಿತರು. ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸೋಡಾ ಮತ್ತು ಆ ಆಮ್ಲ ಸೇರಿದರೆ ಉಳಿಯುವುದು ಉಪ್ಪು, ಮತ್ತು ಉಪ್ಪು ಕೂಡ ಕಬ್ಬಿಣಕ್ಕೆ ವೈರಿಯೇ. ಆದ್ದರಿಂದ ಕೊನೆಗೆ ಶುದ್ಧ ನೀರಿನಲ್ಲಿ ಧಾರಾಳವಾಗಿ ಜಾಲಿಸಿ, ಕಂಪ್ರೆಸರಿನ ಗಾಳಿಯಿಂದ ಪ್ರತಿಯೊಂದು ಸಂದನ್ನೂ ಒಣಗಿಸಿ, ಬಿಸಿಲಿಗೆ ಬಿಡಬೇಕು.

ತಗಡಿನ ಕೆಲಸ ಮೇಸ್ತ್ರಿಯವರದು. ಒಂದು ಮೀಟರ್ ಉದ್ದದ ಉಕ್ಕು ಪ್ರತಿ 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಸುತ್ತಲೂ ಬೆಸುಗೆಯಿಂದ ಬಿಗಿದಿರುವ ತಗಡಿಗೆ ಹಿಗ್ಗಲು ಜಾಗ ಸಿಗದೆ ಉಬ್ಬಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗೈಯಗಲದ ಅಂಥ ಎರಡು ಉಬ್ಬುಗಳಿದ್ದವು. ಅವನ್ನು ಪುಟ್ಟಿ ಮೆತ್ತಿ ಮುಚ್ಚಲು ಅವರು ಒಪ್ಪಲಿಲ್ಲ. ಮತ್ತೆ ಹದವಾಗಿ ಕಾಯಿಸಿ, ತಟ್ಟಿ, ತಗಡನ್ನು ಕುಗ್ಗಿಸಿ ಸಮಕ್ಕೆ ತಂದರು. ಬರಿಯ ತಗಡು ಒಂದು ರಾತ್ರಿಯೂ ತೆರೆದಿರಬಾರದೆಂದು ಅದೇ ಸಂಜೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದರು.

ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು ವೈರಿಂಗ್. ಸುಟ್ಟ ಕಡೆ ಕತ್ತರಿಸಿ, ಹೊಸ ತುಂಡು ಜೋಡಿಸಿ, ಟೇಪು ಸುತ್ತಿ ಕೊಡುತ್ತೇವೆ ಎಂದವರು ಇಬ್ಬರಿದ್ದರು. ಅದನ್ನು ಒಪ್ಪಬಾರದು. ಎಳೆಎಳೆಯಾದ ತಾಮ್ರದ ವೈರು ದೀಪದ ಬತ್ತಿಯ ಹಾಗೆ ಪಸೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ; ಹೊರಗಿನ ಹೊದಿಕೆ ಹೊಸತರಂತೆ ಹೊಳೆಯುತ್ತಿದ್ದರೂ ಒಳಗೆ ತಾಮ್ರ ಕಪ್ಪಾಗಿಯೋ ಹಸಿರಾಗಿಯೋ ಕೊಳೆಯುತ್ತಿರುತ್ತದೆ. ನಾನು ಸುಟ್ಟ ತುದಿಯಿಂದ ಹಿಂದಕ್ಕೆ ಹೊದಿಕೆಯನ್ನು ಸುಲಿಯುತ್ತಾ ಹೋದಾಗ, ಒಂದು ಮೊಳ ದಾಟಿದರೂ ಹೊಳೆಯುವ ತಾಮ್ರ ಸಿಗಲಿಲ್ಲ. ಮುಂಭಾಗದ ವೈರಿಂಗ್ ಪೂರ್ತಿ ಹೊಸದಾಗಿ ಕಟ್ಟಿಸಿದೆವು. ಹಳೆಯ ವೈರಿನ ಬಣ್ಣಗಳನ್ನೇ ಉಳಿಸಿಕೊಂಡೆವು, ಏಕೆಂದರೆ ಮುಂದೆ ಯಾರೇ ರಿಪೇರಿ ಮಾಡಿದರೂ ಅವರಿಗೆ ಗುರುತು ಸಿಗಬೇಕು.

ಹೆಚ್ಚುವರಿ ದೀಪಗಳ ಲೆಕ್ಕ ಬಹಳ ಸರಳ. ತಲಾ 100 ವಾಟ್‌ನ ಎರಡು ದೀಪ ಎಂದರೆ 200 ವಾಟ್. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 17 ಆಂಪಿಯರ್. ಇಷ್ಟು ವಿದ್ಯುತ್ತು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಹರಿಯುವ ಅಗತ್ಯವೇ ಇಲ್ಲ. ಎಂಜಿನ್ ಕೋಣೆಯಲ್ಲಿ ರಿಲೇ, ಅಂದರೆ ಅಲ್ಪ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸಿ ನಿಲ್ಲಿಸುವ ಸ್ವಿಚ್ಚು, ಕೂರಿಸಿದರೆ, ಸ್ವಿಚ್ಚಿಗೆ ಬರುವುದು ರಿಲೇಯನ್ನು ಎಳೆಯುವಷ್ಟು ಅಲ್ಪ ವಿದ್ಯುತ್ತು ಮಾತ್ರ. ದೀಪಗಳಿಗೆ 2.5 ಚದರ ಮಿಲಿಮೀಟರಿನ ವೈರು, ಅದಕ್ಕೆ 20 ಆಂಪಿಯರ್ ಫ್ಯೂಸ್. ಆ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಇರುವುದು ಬಲ್ಬನ್ನು ಕಾಯಲು ಎಂದು ಅನೇಕರು ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರಿಗೆ ಯಾವ ಕಾವಲೂ ಇರುವುದಿಲ್ಲ, ಅದಕ್ಕಾಗಿಯೇ ಆ ದೂರ ಆದಷ್ಟು ಚಿಕ್ಕದಾಗಿರಬೇಕು. ತಗಡಿನ ಗೋಡೆಯ ಪ್ರತಿಯೊಂದು ತೂತಿಗೂ ಈಗ ರಬ್ಬರ್ ಬಳೆ ಇದೆ. ಬ್ಯಾಟರಿಯ ಸಂಪರ್ಕವನ್ನು ಒಂದೇ ತಿರುವಿಗೆ ಕಡಿಯುವ ಸ್ವಿಚ್ಚನ್ನೂ ಹಾಕಿಸಿದ್ದೇವೆ, ರಾತ್ರಿ ಜೀಪು ನಿಲ್ಲಿಸಿದಾಗ ಅದನ್ನು ತಿರುಗಿಸುವುದು ರೂಢಿಯಾಗಿದೆ. ಅಡಿಕೆ ಒಣಗಿಸುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರಿಗೆ ವೈರು ಕಡಿಯುವ ಇಲಿಗಳ ಕಾಟ ಹೇಳಬೇಕಾಗಿಲ್ಲವಷ್ಟೆ.

ಸೀಟಿನ ವಿಷಯದಲ್ಲಿ ಅಪ್ಪಯ್ಯನಿಗೂ ನನಗೂ ಮಾತು ಬೆಳೆಯಿತು. ಸುಟ್ಟದ್ದು ಮುಂದಿನ ಸೀಟುಗಳು. ಹಿಂದಿನ ಉದ್ದ ಸೀಟುಗಳು ಗಟ್ಟಿಯಾಗಿಯೇ ಇದ್ದವು. "ಒರೆಸಿದರೆ ಸಾಕು ಮಾರಾಯ, ಸುಮ್ಮನೆ ಯಾಕೆ ಬಿಸಾಡ್ತೀಯ" ಎಂದರು. ಆ ಸೀಟಿನಲ್ಲಿ ಕುಳಿತು ನಾವು ಮೂವರು ಮಕ್ಕಳು ಶಾಲೆಗೆ ಹೋದದ್ದು ಅವರ ಮನಸ್ಸಿನಲ್ಲಿತ್ತು, ನನ್ನ ಮನಸ್ಸಿನಲ್ಲಿಯೂ ಇತ್ತು. ಆದರೆ ಫೋಮ್ ಹೊಗೆಯನ್ನು ಹೀರಿಕೊಂಡರೆ ಮತ್ತೆ ಬಿಟ್ಟುಕೊಡುವುದಿಲ್ಲ; ಮೇಲೆ ಎಷ್ಟು ಒರೆಸಿದರೂ ಬಿಸಿಲೇರಿದ ಮಧ್ಯಾಹ್ನ ವಾಸನೆ ಮತ್ತೆ ಏಳುತ್ತದೆ. ಕೊನೆಗೆ ಕಬ್ಬಿಣದ ಚೌಕಟ್ಟುಗಳನ್ನು ಉಳಿಸಿಕೊಂಡು, ತೊಳೆದು, ಬಣ್ಣ ಹೊಡೆಸಿ, ಕುಶನ್ ಅಂಗಡಿಯಲ್ಲಿ ಹೊಸ ಫೋಮ್ ಮತ್ತು ರೆಕ್ಸಿನ್ ಹಾಕಿಸಿದೆವು. ಹಳೆಯ ಹೊಲಿಗೆಯ ಪಟ್ಟಿಗಳ ಅಗಲವನ್ನು ಅಪ್ಪಯ್ಯ ತಾವೇ ಅಳೆದು ಕೊಟ್ಟರು. ಸೀಟ್ ಬೆಲ್ಟುಗಳ ಬಗ್ಗೆ ಮಾತ್ರ ಯಾವ ಚರ್ಚೆಯೂ ಇರಲಿಲ್ಲ. ಶಾಖ ತಾಗಿದ ಬೆಲ್ಟಿನ ಬಲ ಎಷ್ಟು ಉಳಿದಿದೆಯೆಂದು ನೋಡಿ ಹೇಳಲಾಗದು, ಅವನ್ನು ಬದಲಾಯಿಸಲೇಬೇಕು.

ರೆಕ್ಸಿನ್, ಫೋಮ್ ಮತ್ತು ಮ್ಯಾಟು ಕೊಳ್ಳುವಾಗ ಬಣ್ಣದ ಜೊತೆಗೆ ಇನ್ನೊಂದನ್ನು ಕೇಳುವುದು ಒಳ್ಳೆಯದು. ವಾಹನದ ಒಳಭಾಗಕ್ಕೆ ಬಳಸುವ ವಸ್ತು ಎಷ್ಟು ಬೇಗ ಉರಿಯಬಹುದು ಎಂಬುದಕ್ಕೆ ಮಿತಿಯಿದೆ. ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರುವ ನಿಯಮದಂತೆ ಜ್ವಾಲೆ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಬಾರದು. ನಮ್ಮ ದೇಶದಲ್ಲಿ ಇದಕ್ಕೆಂದೇ ಐಎಸ್ 15061 ಎಂಬ ಮಾನಕವಿದೆ. ಮನೆಯ ಸೋಫಾಕ್ಕೆಂದು ಮಾರುವ ಅಗ್ಗದ ಫೋಮಿಗೆ ಈ ಕಟ್ಟುಪಾಡು ಇಲ್ಲ. ಒಂದು ಎಬಿಸಿ ಸಿಲಿಂಡರನ್ನು ಈಗ ಚಾಲಕನ ಕೈಗೆ ಎಟಕುವಂತೆ ಸೀಟಿನ ಪಕ್ಕದಲ್ಲಿ ಬಿಗಿದಿದ್ದೇವೆ.

ಎಲ್ಲ ಜೋಡಿಸಿ ಮುಗಿದದ್ದು ಮೇ ತಿಂಗಳ ಕೊನೆಗೆ. ಹೊಸ ಹುಡ್ಡು ಕಟ್ಟಿದ ದಿನ ಅಪ್ಪಯ್ಯ ಜೀಪನ್ನು ತಾವೇ ಓಡಿಸಿಕೊಂಡು ತೋಟದ ಮೇಲಿನ ಕೆರೆಯ ತನಕ ಹೋಗಿ ಬಂದರು. ವಾಸನೆ ಇರಲಿಲ್ಲ. ಆದರೂ ನಾನು ಮಳೆಗಾಲ ಮುಗಿಯುವ ತನಕ ಕಾದೆ. ದೀಪಾವಳಿಯ ಹಿಂದಿನ ವಾರ ಮ್ಯಾಟುಗಳನ್ನು ಎತ್ತಿ, ಡ್ಯಾಶ್‌ಬೋರ್ಡಿನ ನಾಲ್ಕು ಬೋಲ್ಟ್ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿದೆವು. ಫ್ಯೂಸಿನ ತುದಿಗಳು ಹೊಳೆಯುತ್ತಿದ್ದವು. ನೆಲದ ಎಡ ಅಂಚಿನ ಸಂದಿನಲ್ಲಿ, ಲಿಟ್ಮಸ್ ಬಹಳ ಹೊತ್ತು ಕೆಂಪಾಗುತ್ತಿದ್ದ ಅದೇ ಜಾಗದಲ್ಲಿ, ಬೆರಳುಗುರಿನಷ್ಟು ತುಕ್ಕು ಕಾಣಿಸಿತು. ಅದನ್ನು ಕೆರೆದು, ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ ಮತ್ತೆ ಪ್ರೈಮರ್ ಹಚ್ಚಿದ್ದೇವೆ. ಮುಂದಿನ ಮಳೆಗಾಲ ಕಳೆದ ಮೇಲೆ ಆ ಮ್ಯಾಟನ್ನು ಇನ್ನೊಮ್ಮೆ ಎತ್ತಿ ನೋಡುತ್ತೇವೆ.

ನಮಸ್ಕಾರ.